ಶ್ರುತಿ ಸಿಗದ ಹಾಡು

ಹೊಸದುರ್ಗದ ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ತಗಡಿನ ಕೆಲಸದ ಅಂಗಡಿಯೊಂದಿದೆ. ಬೋರ್ಡಿನ ಮೇಲೆ ದಿಲಾವರ್ ಸಾಬರ ಹೆಸರಿದೆಯಲ್ಲ ಎಂದು ನಂಬಿ ಅವರನ್ನು ಅಲ್ಲಿ ಹುಡುಕಲು ಹೋದರೆ ಕೆಟ್ಟಿರಿ. ಅಲ್ಲಿ ಕೂತು ಟ್ರಂಕು, ಲಾಳಿಕೆ, ಕೊಬ್ಬರಿ ಎಣ್ಣೆಯ ಡಬ್ಬ ಬಡಿಯುವವನು ಮಗ ಸೊಹೈಲ್. ಅಪ್ಪ ಎಲ್ಲಿ ಎಂದು ಕೇಳಿದರೆ ಸುತ್ತಿಗೆ ನಿಲ್ಲಿಸದೆಯೇ ಎದುರಿನ ಹೋಟೆಲಿನತ್ತ ಗದ್ದ ಎತ್ತಿ ತೋರಿಸುತ್ತಾನೆ. ಸಾಬರು ಅಲ್ಲಿ ಮೂಲೆಯ ಬೆಂಚಿನಲ್ಲಿ ಕೂತು, ಯಾರಾದರೂ ಸಿಕ್ಕರೆ ಅವರಿಗೆ, ಸಿಗದಿದ್ದರೆ ಹೋಟೆಲಿನವನಿಗೆ, ಮೇಜಿನ ಮೇಲೆ ಬೆರಳಾಡಿಸುತ್ತ ಹಾಡು ಹೇಳುತ್ತಿರುತ್ತಾರೆ. ಅದೂ ಎಂಥ ಹಾಡು ಅಂತೀರಿ, ಯಾವ ನಾಟಕದಲ್ಲೂ ಯಾರೂ ಕೇಳಿರದ ಹಾಡು.

ದಿಲಾವರ್ ಸಾಬರು ಹಳ್ಳಿಗಳಿಗೆ ಹೋಗಿ ನಾಟಕ ಕಲಿಸುವ ಪೆಟ್ಟಿಗೆ ಮೇಷ್ಟ್ರು. ಪೆಟ್ಟಿಗೆ ಎಂದರೆ ಕಾಲಲ್ಲಿ ತುಳಿದು ನುಡಿಸುವ ಹಾರ್ಮೋನಿಯಂ. ಹೊಳಲ್ಕೆರೆಯಿಂದ ಹಿರಿಯೂರಿನ ತನಕ, ಸುಗ್ಗಿ ಮುಗಿದ ಮೇಲೆ ನಾಟಕದ ಹುಚ್ಚು ಹತ್ತುವ ಊರುಗಳಲ್ಲಿ ಅವರು ಮುದ್ದೆ ಮುರಿಯದ ಊರು ಕಡಿಮೆ. ಆದರೆ ಅವರ ಜೀವ ಇರುವುದು ರಂಗದ ಮೇಲೆ ಆಡಿದ ಹಾಡಿನಲ್ಲಲ್ಲ, ಕಿತ್ತುಹಾಕಿದ ಹಾಡಿನಲ್ಲಿ. ನಾಟಕಕ್ಕೆಂದು ಕಟ್ಟಿ, ಮಟ್ಟು ಕೂರಿಸಿ, ತಿಂಗಳುಗಟ್ಟಲೆ ಕಲಿಸಿ, ಪರದೆ ಏಳುವ ಹೊತ್ತಿಗೆ ಯಾವುದೋ ಕಾರಣಕ್ಕೆ ಹೊರಗೆ ಬಿದ್ದವು ಅವು. ಸಾಬರ ಬಾಯಲ್ಲಿ ಅವುಗಳ ಹೆಸರು 'ಕಟ್ಟಾದವು'.

"ರಂಗದ ಮ್ಯಾಲೆ ಉಳ್ಕಂಡ ಹಾಡನ್ನ ಊರೇ ಹೊಗಳ್ತೈತೆ. ಅದಕ್ಕೆ ನನ್ನ ಹೊಗಳಿಕೆ ಯಾತಕ್ಕೆ? ಕಟ್ಟಾದವಕ್ಕೆ ಯಾರವ್ರೆ ಹೇಳ್ರಿ" ಎನ್ನುತ್ತಾರೆ.

ಹಾಡು ಕೆಟ್ಟದ್ದಾಗಿ ಕಟ್ಟಾಗುವುದು ಅಪರೂಪ ಎಂಬುದು ಅವರ ವಾದ. ಒಂದು ಹಾಡು ಹೋದದ್ದು ಹಾಡುವವನು ಮುಂದಿನ ಹಲ್ಲು ಕೀಳಿಸಿಕೊಂಡದ್ದರಿಂದ. ಇನ್ನೊಂದನ್ನು ಕೇಳಿ ಜನ ಎಷ್ಟು ಕರಗಿಹೋಗುತ್ತಿದ್ದರೆಂದರೆ, ಅದರ ಬೆನ್ನಿಗೇ ಬರುವ ಹಾಸ್ಯಗಾರನಿಗೆ ನಗುವವರೇ ಇರುತ್ತಿರಲಿಲ್ಲವಂತೆ. ಹಾಸ್ಯಗಾರ ಕಂಪನಿ ಮಾಲೀಕನ ಬಾಮೈದ, ಹಾಡು ಹೋಯಿತು. ಚಿಕ್ಕಜಾಜೂರಿನ ಪ್ಲಾಟ್‌ಫಾರಂ ಮೇಲೆ ತಡವಾದ ರೈಲಿಗೆ ಕಾಯುವವರಿಗೆಲ್ಲ ಸಾಬರು ಈ ಹಾಡುಗಳನ್ನು ಕಾರಣ ಸಮೇತ ಒಪ್ಪಿಸಿದ್ದಾರೆ. ಕಣ್ಣು ಒರೆಸಿಕೊಂಡವರಿದ್ದಾರೆ, ಕೊನೆಗೂ ರೈಲು ಬಂತಲ್ಲ ಎಂದು ದೇವರಿಗೆ ಕೈ ಮುಗಿದವರೂ ಇದ್ದಾರೆ.

ಈ ಹುಚ್ಚು ಹತ್ತಿದ್ದು ಎಳೆಯ ವಯಸ್ಸಿನಲ್ಲಿ. ಆಗ ಹೊಸದುರ್ಗದಲ್ಲಿ ನಾಟಕ ಕಂಪನಿಯೊಂದು ಟೆಂಟು ಹಾಕಿತ್ತು. ವೇಷದ ಬಟ್ಟೆ ತುಂಬುವ ಟ್ರಂಕುಗಳ ತಳ ಹೋಗಿ, ಅವು ರಿಪೇರಿಗೆ ಅವರಪ್ಪನ ಅಂಗಡಿಗೆ ಬಂದವು. ಟ್ರಂಕು ತಲುಪಿಸಿ ಬಾ ಎಂದು ಅಪ್ಪ ಕಳಿಸಿದರೆ, ದಿಲಾವರ್ ಅಲ್ಲಿಯ ಪೆಟ್ಟಿಗೆ ಮೇಷ್ಟ್ರು ಕನಕರಾಜ್ ಅವರ ಮುಂದೆ ಕೂತುಬಿಟ್ಟವನು ಊಟಕ್ಕೂ ಮನೆಗೆ ಬರಲಿಲ್ಲ. ನನಗೂ ಕಲಿಸಿ ಎಂದು ಬೆನ್ನು ಬಿದ್ದ. ಕನಕರಾಜ್ ಮೇಷ್ಟ್ರದ್ದು ಒಂದು ಪದ್ಧತಿ. ಹೊಸಬರ ಕೈಗೆ ಅವರು ಆಡುವ ಹಾಡು ಕೊಡುತ್ತಿರಲಿಲ್ಲ.

"ಆಡೋ ಹಾಡು ನಿನ್ನ ಕೈಲಿ ಕೆಡಬಾರದು ಕಣಪ್ಪ. ಕಟ್ಟಾದವು ಬೇಕಾದಷ್ಟು ಅವೆ. ಅವನ್ನ ಕೆಡಿಸ್ಕಂತ ಕಲಿ" ಎಂದರು.

ಹೊಲಿಗೆ ಕಲಿಯುವವರಿಗೆ ಹಳೇ ಬಟ್ಟೆ ಕೊಟ್ಟ ಹಾಗೆ. ಬೇರೆಯವರು ಬಿಸಾಡಿದ ಹಾಡುಗಳ ಮೇಲೇ ದಿಲಾವರ್‌ಗೆ ಬೆರಳು ಕೂತಿತು. ಮಳೆಗಾಲ ಬಂತು, ಕಂಪನಿ ಟೆಂಟು ಕಿತ್ತಿತು, ಅದರ ಹಿಂದೆ ಆಡುವ ಹಾಡುಗಳೆಲ್ಲ ಲಾರಿ ಹತ್ತಿದವು. ಕಟ್ಟಾದವು ಮಾತ್ರ ದಿಲಾವರ್ ಕೈಯಲ್ಲಿ ಹೊಸದುರ್ಗದಲ್ಲೇ ಉಳಿದವು. ತಾನು ಬಿಟ್ಟರೆ ಇವಕ್ಕೆ ಗತಿಯಿಲ್ಲ ಎಂಬ ಕಾಳಜಿ ಆವತ್ತು ಹುಟ್ಟಿದ್ದು, ಇವತ್ತಿಗೂ ಇಳಿದಿಲ್ಲ.

ಹಳ್ಳಿ ನಾಟಕದ ಒಂದು ಸಂಗತಿ ಹೊರಗಿನವರಿಗೆ ಗೊತ್ತಿರುವುದಿಲ್ಲ, ಅದನ್ನು ಇಲ್ಲಿ ಹೇಳಲೇಬೇಕು. ಗಂಡು ಪಾತ್ರಗಳೆಲ್ಲ ಊರವರದು. ಹೆಣ್ಣು ಪಾತ್ರಕ್ಕೆ ಮಾತ್ರ ಚಿತ್ರದುರ್ಗದಿಂದಲೋ ಹಿರಿಯೂರಿನಿಂದಲೋ ಕಲಾವಿದೆಯರನ್ನು ಕರೆಸುತ್ತಾರೆ. ಊರಿನ ಹೆಣ್ಣುಮಕ್ಕಳು ರಂಗ ಹತ್ತುವುದು ಹೇಗೆ? ರಾಜನ ವೇಷ ಹಾಕಿದವನು ವರಸೆಯಲ್ಲಿ ಮಾವನೋ ಭಾವನೋ ಆಗಿರುತ್ತಾನೆ. ಅವನನ್ನು ಎಲ್ಲರೆದುರು ಪ್ರಾಣಕಾಂತ ಎಂದು ಕರೆದು, ಮಾರನೆಯ ದಿನ ಅವನ ಮುಂದೆ ಸೆರಗು ಹೊದ್ದು ನಡೆಯಲಾದೀತೆ? ಇನ್ನು ಬರುವ ಕಲಾವಿದೆಗೆ ಆ ದಿನಗಳಲ್ಲಿ ಊರಿಂದೂರಿಗೆ ಕರೆ. ಆಕೆ ತಾಲೀಮಿಗೆ ಬರುವುದಿಲ್ಲ. ಆಟದ ದಿನ ಬಂದಿಳಿದು, ಬಣ್ಣ ಹಚ್ಚಿಕೊಳ್ಳುತ್ತಲೇ ಮಾತು ಓದಿಕೊಂಡು, ಹಾಡಿನ ಜಾಗಕ್ಕೆ ಎಲ್ಲ ಊರಲ್ಲೂ ಹಾಡುವ ತನ್ನ ಮಾಮೂಲಿ ಹಾಡನ್ನೇ ಹಾಕಿ ಹೋಗುತ್ತಾಳೆ. ಪಾಪ, ಆಕೆಯ ತಪ್ಪೇನಿಲ್ಲ.

ಹಾಗಾದರೆ ತಾಲೀಮಿನಲ್ಲಿ ರಾಣಿಯ ಮಾತು ಹೇಳುವವರು ಯಾರು, ರಾಣಿಯ ಹಾಡು ಹಾಡುವವರು ಯಾರು? ಮೇಷ್ಟ್ರು. ಎದೆಯ ತನಕ ಗಡ್ಡ ಬಿಟ್ಟ ದಿಲಾವರ್ ಸಾಬರು ಕಾಲಲ್ಲಿ ಪೆಟ್ಟಿಗೆ ತುಳಿಯುತ್ತ, ಎದುರಿಗೆ ಲುಂಗಿಯಲ್ಲಿ ನಿಂತ ರಾಜನಿಗೆ "ಸ್ವಾಮೀ, ನನ್ನನ್ನು ತೊರೆದು ಹೋಗುವಿರಾ" ಎಂದು ಕರುಳು ಕಿತ್ತು ಬರುವ ಹಾಗೆ ಕೇಳುತ್ತಾರೆ. ಹೊಸಬರು ಮೊದಮೊದಲು ಬಾಯಿ ಮುಚ್ಚಿಕೊಂಡು ನಗುತ್ತಾರೆ, ಆಮೇಲೆ ನಗುವುದನ್ನು ಮರೆಯುತ್ತಾರೆ. ಹೀಗೆ ಸಾಬರು ರಾಣಿಯರಿಗೆಂದು ಕಟ್ಟಿದ ಹಾಡುಗಳೆಲ್ಲ ತಾಲೀಮಿನಲ್ಲಿ ಅವರ ಗಂಟಲಲ್ಲೇ ಹುಟ್ಟಿ, ಆಟದ ದಿನ ಅಲ್ಲೇ ಉಳಿದುಹೋದವು. ಒಂದು ಹಾಡೂ ರಂಗದ ಮೇಲೆ ಹೆಣ್ಣು ದನಿಯಲ್ಲಿ ಕೇಳಿಸಿದ್ದಿಲ್ಲ.

ಅವುಗಳಲ್ಲಿ ಅವರಿಗೆ ಎಲ್ಲಕ್ಕಿಂತ ಹತ್ತಿರದ್ದೆಂದರೆ ರಾಣಿ ಮಂದಾರಮಾಲೆಯ ಜೋಗುಳ. ಸಾಬರು ತಾವೇ ಬರೆದ 'ವಜ್ರಕೇತು ಗರ್ವಭಂಗ' ಎಂಬ ನಾಟಕದ್ದು. ರಾಜ ವಜ್ರಕೇತುವಿನ ಸೊಕ್ಕಿನಿಂದ ಶತ್ರುಗಳು ಕೋಟೆಯ ಬಾಗಿಲಿಗೆ ಬಂದಿದ್ದಾರೆ. ಒಳಗೆ ರಾಣಿ, ಗಲಾಟೆ ಶುರುವಾಗುವ ಮೊದಲು ಮಗುವನ್ನು ಮಲಗಿಸಬೇಕು. ಈ ಹಾಡು ಹುಟ್ಟಿದ್ದು ಅರಮನೆಯಲ್ಲಲ್ಲ. ಮಗಳು ಮಾಹೀರಾ ಎಳೆಗೂಸಾಗಿದ್ದಾಗ ಜ್ವರ ಬಂದು, ಹೆಂಡತಿ ಮಹಮೂದಾ ಕೂಸನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಳು. ಅವಳ ಹೆಜ್ಜೆಯ ಲಯಕ್ಕೆ ಸಾಬರು ಗುನುಗಿದ್ದು ಹಾಡಾಯಿತು.

*ಮಲಗು ಕಂದ, ಊರು ಮಲಗುವ ಮುನ್ನವೇ,*
*ಬಾಗಿಲಲಿ ನಿಂದವರ ಸದ್ದು ಕೇಳುವ ಮುನ್ನವೇ.*
*ಹಂಸತೂಲಿಕೆಯಿಲ್ಲ, ಸೆರಗೊಂದೆ ಹಾಸಿಗೆ,*
*ಅರಸನಿಗೆ ನಿದ್ದೆಯಿಲ್ಲ, ನಿನಗೇಕೆ ಆ ಬೇಗೆ?*

ಈ ನಾಟಕವನ್ನು ಅವರು ಸುತ್ತಿನ ಹಲವು ಊರುಗಳಲ್ಲಿ ಕಲಿಸಿದರು. ಎಲ್ಲ ಕಡೆಯೂ ಜೋಗುಳ ಹೋಯಿತು. ಮಹಮೂದಾ ನಾಟಕ ನೋಡಿದವಳಲ್ಲ. ಗಂಡ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಂತೆ ನೀರು ಕೊಟ್ಟು, "ಕ್ಯಾ ಜೀ, ಇತ್ತಾ, ಹೋಯ್ತಾ?" ಎಂದು ಕೇಳುವಳು. ಅವರು ತಲೆಯಾಡಿಸುವರು. ಅವಳು ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕುವಳು. ಹೋಗಲಿ, ನೀನಾದರೂ ಒಮ್ಮೆ ಹಾಡು ಎಂದರೆ, "ನನ್ನ ದನಿಗೆ ನಿಮ್ಮ ಅಂಗಡಿ ತಗಡೇ ವಾಸಿ" ಎಂದು ಒಳಗೆ ಹೋಗುವಳು.

ಈ ವರ್ಷ ಸಾಬರ ಮಂಡಿ ಮುಷ್ಕರ ಹೂಡಿತು. ಪೆಟ್ಟಿಗೆ ತುಳಿದರೆ ರಾತ್ರಿಯೆಲ್ಲ ನೋವು. ಗಂಟಲೂ ಕೈ ಕೊಟ್ಟಿತು. ಮೇಲಿನ ಸ್ವರಕ್ಕೆ ಹೋದರೆ ದನಿ ಒಡೆದು ಗಾಳಿ ಮಾತ್ರ ಬರುತ್ತಿತ್ತು. ಚಿತ್ರದುರ್ಗದ ಡಾಕ್ಟರು ಕಟ್ಟುನಿಟ್ಟಾಗಿ ಇನ್ನು ಹಾಡಬೇಡಿ ಎಂದರು. ಆ ಹೊತ್ತಿಗೇ ಮಾರಿಕಣಿವೆಯ ಹಿನ್ನೀರಿನ ಬದಿಯ ತೊಗರಿಹಟ್ಟಿಯಿಂದ ವೀಳ್ಯ ಬಂತು. ಕುರಿ ಕಾಯುವವರ ಸಣ್ಣ ಊರು. 'ವಜ್ರಕೇತು' ಮೊಟ್ಟಮೊದಲು ಆಡಿದ್ದು ಅಲ್ಲೇ, ಮಾಹೀರಾ ಇನ್ನೂ ತೊಟ್ಟಿಲಲ್ಲಿದ್ದಾಗ. ಈಗ ಅದೇ ನಾಟಕ ಮತ್ತೆ ಬೇಕು ಎಂದರು.

ಸಾಬರು ಒಪ್ಪಿದರು. ಇದೇ ಕೊನೆಯ ತಾಲೀಮು ಎಂದು ಮನೆಯಲ್ಲಿ ಹೇಳಿದರು. ಹೇಳದೆ ಉಳಿಸಿಕೊಂಡದ್ದು ಇನ್ನೊಂದಿತ್ತು, ಆದರೆ ಅದು ಮಹಮೂದಾಗೆ ಗೊತ್ತಿಲ್ಲದ್ದೇನಲ್ಲ. ಪೆಟ್ಟಿಗೆ ಮುಚ್ಚುವ ಮೊದಲು ಆ ಜೋಗುಳವನ್ನು ರಂಗದ ಮೇಲೆ, ರಾಣಿಯ ವೇಷದಲ್ಲಿ, ಒಬ್ಬ ಹೆಂಗಸಿನ ಬಾಯಲ್ಲಿ ಕೇಳಬೇಕು. ಒಂದು ಸಲ ಸಾಕು. ತನ್ನ ಒಡಕು ಗಂಟಲಲ್ಲೇ ಅದು ಸತ್ತುಹೋದರೆ ಆ ಕೊರಗು ಹೊತ್ತುಕೊಂಡೇ ಹೋಗಬೇಕಾಗುತ್ತದೆ ಎಂದು ಅವರಿಗೆ ಹೆದರಿಕೆಯಾಗಿತ್ತು.

ಹಿರಿಯೂರಿನ ಚಂದ್ರಕ್ಕನಿಗೆ ಫೋನು ಮಾಡಿದರು. ಚಂದ್ರಕ್ಕ ಒಂದು ಕಾಲದಲ್ಲಿ ಈ ಸೀಮೆಗೆಲ್ಲ ರಾಣಿಯಾಗಿದ್ದವಳು. ಈಗ ವಯಸ್ಸಾಗಿ ತಾಯಿ ಪಾತ್ರಗಳಿಗೆ ಇಳಿದಿದ್ದಳು.

"ರಾಣಿ ಪಾರ್ಟಿಗೆ ಕರೀತೀರಾ ಮೇಷ್ಟ್ರೆ? ನನ್ನ ಮಕ ನೋಡಿ ಎಷ್ಟು ದಿನ ಆತು?" ಎಂದಳು.

"ಮಕಕ್ಕೆ ಬಣ್ಣ ಐತವ್ವ. ದನಿ ಬೇಕಾಗೈತೆ. ಒಂದು ಹಾಡು ಕಲೀಬೇಕು, ನಿನ್ನ ಮಾಮೂಲಿದು ಹಾಕಂಗಿಲ್ಲ."

ಚಂದ್ರಕ್ಕ, "ನನಗೆ ಹೊಸಾದು ಕಲಿ ಅಂದೋರು ಯಾರೂ ಇಲ್ಲ ಬಿಡ್ರಿ ಈಗ. ಫೋನಿನಾಗೇ ಹೇಳ್ರಿ, ಕಲೀತೀನಿ" ಎಂದಳು.

ಹಾಗೆ ಶುರುವಾಯಿತು. ಹೊಸದುರ್ಗದ ಹೊರಗೆ ತೆಂಗಿನ ತೋಟವೊಂದರ ಬದುವಿನಲ್ಲಿ ಕೂತು ಸಾಬರು ಫೋನಿಗೆ ಹಾಡುವುದು, ಚಂದ್ರಕ್ಕ ಬಸ್ಸಿನಲ್ಲಿ, ಅಡಿಗೆಮನೆಯಲ್ಲಿ, ನೀರಿನ ಸರದಿಯಲ್ಲಿ ಕೇಳಿ ತಿರುಗಿ ಒಪ್ಪಿಸುವುದು. ಮೇಲಿನ ಸ್ವರ ಬಂದಾಗ ಸಾಬರ ಗಂಟಲು ನಿಂತುಬಿಡುತ್ತಿತ್ತು. ಆಗ ಅವಳೇ, "ಗೊತ್ತಾತು ಬಿಡ್ರಿ, ಅಲ್ಲಿಗೆ ನಾನು ಹೋಗ್ತೀನಿ" ಎನ್ನುತ್ತಿದ್ದಳು. ಫೋನಿನ ಕರಕರ ದನಿಯಲ್ಲೇ ಅದು ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಸಾಬರು ಎರಡು ಸಲ ಮನೆಗೆ ದಾರಿ ತಪ್ಪಿ ಮಾರ್ಕೆಟ್ಟಿನ ಕಡೆ ಹೋದರು.

ಆಟದ ದಿನ ಬಂತು. ಹತ್ತನೇ ಕ್ಲಾಸಿನ ಪರೀಕ್ಷೆ ಹತ್ತಿರವಿದ್ದುದರಿಂದ ರಾತ್ರಿ ಮೈಕು ಹಚ್ಚುವಂತಿರಲಿಲ್ಲ. ಹಗಲಲ್ಲೇ ಆಡಿ, ಹೊತ್ತು ಮುಳುಗುವುದರೊಳಗೆ ಮುಗಿಸಿ ಎಂದು ಠಾಣೆಯವರು ಹೇಳಿದ್ದರು. ಹಗಲಿನಲ್ಲಿ ನಾಟಕವೆಂದರೆ ಅದರ ಗತಿಯೇ ಬೇರೆ. ಅರಮನೆಯ ಪರದೆಯ ಮಡಿಕೆಗಳೆಲ್ಲ ಕಾಣುತ್ತಿದ್ದವು. ರಾಜನ ಮೀಸೆಯ ಅಂಟು ಬಿಸಿಲಿಗೆ ಕರಗಿ ಮೀಸೆ ತುಟಿಯ ಮೇಲೆ ಇಳಿದಿತ್ತು. ಆದರೆ ಹಗಲಾದ್ದರಿಂದಲೇ ಹಟ್ಟಿಯ ಹೆಂಗಸರೆಲ್ಲ ಕೆಲಸ ಮುಗಿಸಿ ಬಂದು, ಶಾಲೆಯ ಅಂಗಳದ ಶಾಮಿಯಾನದಡಿ ಮುಂದಿನ ಸಾಲು ಹಿಡಿದು ಕೂತಿದ್ದರು. ಇಷ್ಟೊಂದು ಹೆಂಗಸರು ಯಾಕೆ ಬಂದರು ಎಂದು ಸಾಬರಿಗೂ ಆಶ್ಚರ್ಯವಾಯಿತು, ಯೋಚಿಸಲು ಪುರಸೊತ್ತಿರಲಿಲ್ಲ.

ರಾಜ ವಜ್ರಕೇತು ಓಬಳೇಶಪ್ಪ, ಕುರಿ ವ್ಯಾಪಾರಿ, ಊರಿನ ದೊಡ್ಡ ಕುಳ. ಅವನು ಬಾಯಿ ತೆರೆದರೆ ನೆಂಟರು 'ಒನ್ಸ್ ಮೋರ್' ಎನ್ನುವರು, ಅವನು ಅದನ್ನು ಅಪ್ಪಣೆಯೆಂದೇ ತಿಳಿದು ಪಾಲಿಸುವನು. ನಡುನಡುವೆ ಬೀಗರು ರಂಗ ಹತ್ತಿ ಬಂದು ಹಾರ ಹಾಕಿ, ಟವೆಲ್ ಹೊದಿಸಿ, ಮೈಕಿನಲ್ಲಿ ತಮ್ಮ ಹೆಸರು ಹೇಳಿಸಿ ಇಳಿಯುವರು. ಅಷ್ಟು ಹೊತ್ತು ಶತ್ರುಸೈನ್ಯ ಕತ್ತಿ ಹಿಡಿದು ಕಾಯುವುದು. ಹೊತ್ತು ಇಳಿಯುತ್ತ ಬಂತು. ಕೋಟೆಯ ದೃಶ್ಯಕ್ಕೆ ಬರುವಾಗ ಮೈಕ್‌ಸೆಟ್ಟಿನವನು ಸಾಬರ ಕಿವಿಯ ಹತ್ತಿರ ಬಗ್ಗಿ, "ಮೇಷ್ಟ್ರೆ, ಟೈಮಿಲ್ಲ. ಒಂದು ಹಾಡು ತೆಗೀರಿ, ಇಲ್ಲಾಂದ್ರೆ ಯುದ್ಧಕ್ಕೆ ಮೈಕಿರಲ್ಲ" ಎಂದ.

ಹಳ್ಳಿ ನಾಟಕದಲ್ಲಿ ಹಾಡು ತೆಗೆಯುವುದೆಂದರೆ ಹೇಳಿ ತೆಗೆಯುವುದಲ್ಲ. ಹೇಳಿದರೆ ಹೊಡೆದಾಟವಾಗುತ್ತದೆ. ರಂಗದ ಮುಂದೆ ಕೂತ ಮೇಷ್ಟ್ರು ಪೆಟ್ಟಿಗೆಯಲ್ಲಿ ಶ್ರುತಿ ಕೊಡದೆ ಸುಮ್ಮನಿದ್ದುಬಿಡುತ್ತಾರೆ, ಅಷ್ಟೇ. ಪಾತ್ರಧಾರಿ ಅರ್ಥ ಮಾಡಿಕೊಂಡು ಮುಂದಿನ ಮಾತಿಗೆ ಹೋಗಬೇಕು. ಓಬಳೇಶಪ್ಪನ ಹಾಡು ತೆಗೆಯುವುದು ಆಗದ ಮಾತು. ಅವನು ಶ್ರುತಿ ಕೊಡದಿದ್ದರೂ ಹಾಡುವ ಗಂಡು, ಕೊಟ್ಟರೂ ಅದರ ಗೊಡವೆಗೆ ಹೋದವನಲ್ಲ. ಉಳಿದದ್ದು ಎರಡು. ಒಂದು ಕೋಟೆ ಕಾವಲುಗಾರನ ಹಾಡು, ಇನ್ನೊಂದು ರಾಣಿಯ ಜೋಗುಳ.

ಕಾವಲುಗಾರನ ವೇಷದಲ್ಲಿದ್ದವನು ರಂಗೇಶ. ಕುರಿ ಹಿಂದೆ ತಿರುಗುವ ಹುಡುಗ, ಹೊಸದಾಗಿ ಮದುವೆಯಾದವನು. ಇಡೀ ನಾಟಕದಲ್ಲಿ ಅವನಿಗಿದ್ದದ್ದು ಒಂದೇ ಹಾಡು. ಅದಕ್ಕಾಗಿ ಅವನು ದಿನವೂ ಕುರಿ ಕೂಡಿ, ಉಣ್ಣದೆ ತಾಲೀಮಿಗೆ ಓಡಿ ಬಂದಿದ್ದ. ಹೊಳಲ್ಕೆರೆ ಕಡೆಯಿಂದ ಅವನ ಮಾವನ ಮನೆಯವರೆಲ್ಲ ಟೆಂಪೋ ಮಾಡಿಕೊಂಡು ಬಂದು ಕೂತಿದ್ದರು. ಈಗ ಭರ್ಜಿ ಹಿಡಿದು ರಂಗದ ನಡುವೆ ಬಂದು ನಿಂತು, ಶ್ರುತಿಗಾಗಿ ಮೇಷ್ಟ್ರ ಮುಖ ನೋಡಿದ.

ಬಹಳ ಹಾಡುಗಳಿರುವವನದು ಒಂದು ತೆಗೆಯಬಹುದು, ಒಂದೇ ಇರುವವನದು ತೆಗೆಯಬಾರದು. ಸಾಬರು ಇಷ್ಟು ವರ್ಷ ನಡೆಸಿಕೊಂಡು ಬಂದ ನೇಮ ಅದು. ಆದರೆ ಮಂದಾರಮಾಲೆಗೂ ಇದ್ದದ್ದು ಅದೊಂದೇ ಹಾಡು, ಸಾಬರಿಗೂ ಇದ್ದದ್ದು ಇದೊಂದೇ ಆಟ. ರಂಗೇಶ ಎಳೆಯ, ಮುಂದೆ ಬೇಕಾದಷ್ಟು ಹಾಡುತ್ತಾನೆ ಎಂದು ಮನಸ್ಸು ಹೇಳಿತು. ಬೆರಳು ಪೆಟ್ಟಿಗೆಯ ಮೇಲೆ ನಿಂತೇ ಇತ್ತು. ಹುಡುಗ ಉಗುಳು ನುಂಗಿದ್ದು ಅಲ್ಲಿಂದಲೇ ಕಂಡಿತು. ಸಾಬರು ಹಾಳಾಗಿ ಹೋಗಲಿ ಎಂದು ಒಳಗೇ ಬೈದುಕೊಂಡು ಪೆಟ್ಟಿಗೆ ತುಳಿದರು, ಶ್ರುತಿ ಕೊಟ್ಟರು. ರಂಗೇಶ ಹಾಡಿದ. ಅಂಥ ಚೆನ್ನಾಗೇನೂ ಹಾಡಲಿಲ್ಲ, ಆದರೆ ಮಾವನ ಮನೆಯವರು ಸಿಳ್ಳೆ ಹೊಡೆದರು.

ಬೆನ್ನಿಗೇ ಚಂದ್ರಕ್ಕ ರಾಣಿಯಾಗಿ ಬಂದಳು. ಕೈಯಲ್ಲಿ ಬಟ್ಟೆ ಸುತ್ತಿದ ಮಗು. ಕೂತಳು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಳು, ಮೇಷ್ಟ್ರ ಕಡೆ ನೋಡಿದಳು. ಸಾಬರು ಪೆಟ್ಟಿಗೆಯಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಅವಳು ನಂಬಲಿಲ್ಲ, ಮತ್ತೆ ನೋಡಿದಳು. ಅವರು ತಲೆ ತಗ್ಗಿಸಿದರು. ಹಳೆಯ ಹುಲಿ ಅವಳು, ಮರುಗಳಿಗೆಯಲ್ಲಿ ಎದ್ದು, "ಯಾರಲ್ಲಿ, ರಥವನ್ನು ಸಿದ್ಧಪಡಿಸಿ" ಎಂದು ಮುಂದಿನ ಮಾತಿಗೆ ಹೋದಳು. ಯುದ್ಧವಾಯಿತು, ಓಬಳೇಶಪ್ಪನ ಗರ್ವಭಂಗವಾಯಿತು, ಮೈಕು ನಿಂತಿತು. ಇನ್ನೂ ಬೆಳಕಿತ್ತು.

ಜನ ಎದ್ದರು. ಸಾಬರು ಪೆಟ್ಟಿಗೆಯ ಮುಂದೆಯೇ ಕೂತಿದ್ದರು. ಮಂಡಿ ನೋಯುತ್ತಿತ್ತು, ಏಳುವುದಕ್ಕೆ ಮನಸ್ಸೂ ಇರಲಿಲ್ಲ. ಚಂದ್ರಕ್ಕ ಅರ್ಧ ಬಣ್ಣ ಒರೆಸಿಕೊಂಡು ಬಂದು ಪಕ್ಕದಲ್ಲಿ ನಿಂತಳು.

"ಹಿಂಗ್ಯಾಕೆ ಮಾಡಿದ್ರಿ ಮೇಷ್ಟ್ರೆ? ನಾನು ಚೆನ್ನಾಗಿ ಹಾಡ್ತಿದ್ದೆ."

"ಗೊತ್ತವ್ವ. ಆ ಹುಡುಗಂದು ಒಂದೇ ಇತ್ತು."

ಅಷ್ಟರಲ್ಲಿ ಹೆಂಗಸರ ಗುಂಪೊಂದು ಅವರ ಕಡೆಗೇ ಬಂತು. ಮುಂದೆ ದೊಡ್ಡಕ್ಕ. ತಲೆ ಪೂರ್ತಿ ಬೆಳ್ಳಗಾದ, ಯಾರ ಮಾತಿಗೂ ಸೊಪ್ಪು ಹಾಕದ ಹೆಂಗಸು. ಅವಳ ಗಂಡ ಚಿತ್ತಯ್ಯ ಮೊದಲ ಸಲದ ಆಟದಲ್ಲಿ ಮಂತ್ರಿಯಾಗಿದ್ದವನು. ಅವಳ ಮುಖದಲ್ಲಿ ಜಗಳಕ್ಕೆ ಬಂದವರ ಕಳೆಯಿತ್ತು.

"ಏನ್ರಿ ಸಾಬ್ರೆ, ಜೋಗುಳದ ಹಾಡು ಯಾಕೆ ತೆಗೆದ್ರಿ?" ಎಂದಳು.

ಸಾಬರಿಗೆ ಒಂದು ಕ್ಷಣ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಕಟ್ಟಾದ ಹಾಡು ಎಲ್ಲಿ ಹೋಯಿತೆಂದು ಇಷ್ಟು ವರ್ಷದಲ್ಲಿ ಮಹಮೂದಾಳನ್ನು ಬಿಟ್ಟು ಇನ್ನೊಬ್ಬರು ಅವರನ್ನು ಕೇಳಿದವರಿಲ್ಲ. ಖುಷಿಯಾಗಿ, "ಟೈಮ್ ಸಾಲಲಿಲ್ಲವ್ವ. ನಿಮಗೆ ಅದು ಅಷ್ಟು ಹಿಡಿಸಿತ್ತಾ?" ಎಂದರು.

"ಹಿಡಿಸೋದೇನು ಬಂತು, ನಮ್ಮ ಹಾಡು ಅದು" ಎಂದಳು ದೊಡ್ಡಕ್ಕ. "ತಾಲೀಮಿನಾಗೆ ಕೇಳಿದ್ವಿ, ನಮ್ಮ ಹಾಡ್ನ ಎತ್ಕಂಡು ನಾಟಕಕ್ಕೆ ಹಾಕವ್ರೆ, ಹೋಗ್ಲಿ, ರಾಣಿ ಬಾಯಾಗೆ ಕೇಳಾಣ ಅಂತ ಅಷ್ಟೂ ಹೆಂಗಸ್ರು ಕೆಲಸ ಬಿಟ್ಟು ಬಂದ್ವಿ. ಕೊನೀಗೆ ನಮ್ಮದೇ ತೆಗೆದ್ರಿ. ಆ ಓಬಳೇಶನ ಕಿರಿಚಾಟ ಒಂದು ಕಮ್ಮಿ ಮಾಡಾಕೆ ಆಗ್ಲಿಲ್ಲವಾ?"

ಚಂದ್ರಕ್ಕ ನಡುವೆ ಬಾಯಿ ಹಾಕಿದಳು. "ನಿಮ್ಮದು ಹೆಂಗಾದೀತಕ್ಕ? ಅದು ಮೇಷ್ಟ್ರೇ ಕಟ್ಟಿದ್ದು."

"ಮೇಷ್ಟ್ರು ಕಟ್ಟಿದ್ದಾ?" ದೊಡ್ಡಕ್ಕ ನಕ್ಕಳು, ಹಿಂದಿದ್ದವರೂ ನಕ್ಕರು. "ನನ್ನ ಮಕ್ಕಳನ್ನ ನಮ್ಮತ್ತೆ ಈ ಹಾಡು ಹೇಳೇ ಮಲಗ್ಸಿದ್ದು. ಈ ಹಟ್ಟೀಲಿ ಇದನ್ನ ಕೇಳದೆ ಮಲಗಿದ ಕೂಸು ಯಾವುದೈತೆ? ನಿಮ್ಮ ರಂಗೇಶ ಇಲ್ವಾ, ಇವತ್ತು ಭರ್ಜಿ ಹಿಡ್ದಿದ್ನಲ್ಲ, ಅವನೂ ಇದನ್ನ ಕೇಳೇ ಬೆಳೆದೋನು. ಇವರು ಮೊದಲ ಸಲ ನಾಟಕ ಕಲಿಸಾಕೆ ಬಂದಿದ್ರಲ್ಲ, ಆಗ ನಮ್ಮೋರ ಬಾಯಾಗೆ ಕೇಳಿ ಕಲ್ತಿರ್ತಾರೆ."

ಇದು ನಂದು ಎಂಬ ಮಾತು ಸಾಬರ ತುಟಿಯ ತನಕ ಬಂತು. ಸಿಟ್ಟೂ ಬಂತು. ಮಾಹೀರಾಳ ಜ್ವರ, ಮಹಮೂದಾಳ ಹೆಜ್ಜೆ, ಒಂದೊಂದು ಸ್ವರ ಹುಟ್ಟಿದ ಜಾಗವೂ ಅವರಿಗೆ ಗೊತ್ತಿತ್ತು. ಆಗ ಇದ್ದಕ್ಕಿದ್ದಂತೆ ಒಬ್ಬ ಮುದುಕಿ ಕಣ್ಣ ಮುಂದೆ ಬಂದಳು. ಮೊದಲ ಸಲದ ತಾಲೀಮಿನಲ್ಲಿ, ಬಾಗಿಲ ಹೊರಗೆ ಗೋಡೆಗೆ ಒರಗಿ ಕೂತು ಕುರಿಯ ಉಣ್ಣೆ ನೂಲುತ್ತಿದ್ದ ದೊಡ್ಡಕ್ಕನ ಅತ್ತೆ. ದಿನವೂ ಬರುತ್ತಿದ್ದಳು, ಒಮ್ಮೆಯೂ ತಲೆಯೆತ್ತಿ ನೋಡಲಿಲ್ಲ, ಮಾತಾಡಲಿಲ್ಲ. ಕಿವುಡಿಯಿರಬೇಕು ಎಂದುಕೊಂಡು ಸಾಬರು ಅವಳನ್ನು ಮರೆತೇಬಿಟ್ಟಿದ್ದರು.

"ಎಲ್ಲಿ, ನಿಮ್ಮತ್ತೆ ಹೆಂಗೆ ಹಾಡ್ತಿದ್ರು?" ಎಂದರು ಸಾಬರು.

ದೊಡ್ಡಕ್ಕ ನಾಚಲಿಲ್ಲ. ನಿಂತಲ್ಲೇ ಎತ್ತಿಕೊಂಡಳು, ಉಳಿದವರು ಕೂಡಿಕೊಂಡರು. ಅದೇ ಮಟ್ಟು. ಅರಸ ಹೋಗಿ ಅಪ್ಪನಾಗಿದ್ದ, ಹಂಸತೂಲಿಕೆ ಹೋಗಿ ಹೊಂಗೆ ನೆರಳಾಗಿತ್ತು. ಮೇಲಿನ ಸ್ವರಕ್ಕೆ ಹೆಂಗಸರ ದನಿಗಳು ಏಣಿ ಇಲ್ಲದೆ ಹತ್ತಿದವು. ಚಂದ್ರಕ್ಕ ಬಣ್ಣದ ಬಟ್ಟೆ ಕೈಯಲ್ಲಿ ಹಿಡಿದವಳು ಹಾಗೇ ನಿಂತಳು. ಸಾಬರ ನಾಲ್ಕು ಸಾಲು ಮುಗಿದವು. ಹೆಂಗಸರು ನಿಲ್ಲಿಸಲಿಲ್ಲ.

*ಕರಿಕಂಬ್ಳಿ ಮ್ಯಾಲೆ ಬಿಳಿ ಹನಿ ಬಿದ್ದಾವೆ ಕಂದಾ,*
*ಬಿದ್ದ ಹನಿ ಒಣಗಾದ್ರಾಗೆ ಬರತಾನೆ ನಿಮ್ಮಪ್ಪ.*
*ಒಣಗ್ಯಾವೆ ಹನಿ, ಮತ್ತೆ ಬಿದ್ದಾವೆ ಕಂದಾ,*
*ನೀ ಕಣ್ಣು ಮುಚ್ಚಿದ್ರೆ ಬರತಾನೆ ನಿಮ್ಮಪ್ಪ.*

ಈ ಸಾಲು ಸಾಬರು ಬರೆದದ್ದಲ್ಲ. ಗಂಡಸರು ಕುರಿ ಹೊಡೆದುಕೊಂಡು ದೂರದ ಸೀಮೆಗೆ ಹೋದಾಗ ಹಟ್ಟಿಯಲ್ಲಿ ಉಳಿದವರು ಯಾರೋ ಕಟ್ಟಿದ್ದು, ಬಹುಶಃ ಆ ಮುದುಕಿಯೇ. ತಮ್ಮ ರಾಣಿಗೆ ಇಂಥದ್ದೊಂದು ಸಾಲು ತಮಗೆ ಹೊಳೆದಿರಲಿಲ್ಲವಲ್ಲ ಎಂದು ಸಾಬರಿಗೆ ಮೊದಲು ಹೊಟ್ಟೆಕಿಚ್ಚಾಯಿತು. ಅವರು ಊರೂರಲ್ಲಿ ಕಟ್ಟಾಯಿತು, ಕಟ್ಟಾಯಿತು ಎಂದು ಕೊರಗುತ್ತಿದ್ದ ಅಷ್ಟೂ ವರ್ಷ ಅದು ಇಲ್ಲಿ ದಿನಾ ಕೂಸು ಮಲಗಿಸುತ್ತಿತ್ತು. ಹೊಟ್ಟೆಕಿಚ್ಚು ಎಲ್ಲಿಗೆ ಹೋಯಿತೋ, ಕಣ್ಣು ತುಂಬಿ ಬಂತು. ಗಡ್ಡದ ಮೇಲೆ ಇಳಿದದ್ದನ್ನು ಅವರು ಒರೆಸಿಕೊಳ್ಳಲಿಲ್ಲ.

"ಹೇಳಿ ಮೇಷ್ಟ್ರೆ" ಎಂದು ಚಂದ್ರಕ್ಕ ಪಿಸುಗುಟ್ಟಿದಳು. "ನಿಮ್ಮದು ಅಂತ ಹೇಳಿ."

ಸಾಬರು ಅವಳ ಮಾತು ಕೇಳಿಸದವರಂತೆ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ನೋಯುವ ಕಾಲಿನಿಂದಲೇ ತುಳಿದು, ಹೆಂಗಸರು ಹಾಡಿದ ಎತ್ತರಕ್ಕೆ ಶ್ರುತಿ ಹಿಡಿದರು.

"ಕೊನೇ ನಾಕು ಸಾಲು ನನಗೆ ಬರಲ್ಲ ದೊಡ್ಡಕ್ಕ, ಇನ್ನೊಂದ್ಸಲ ಹೇಳ್ಕೊಡ್ರಿ" ಎಂದರು.

ದೊಡ್ಡಕ್ಕ ಅವರ ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತಳು. ಒಂದು ಸಾಲು ಹೇಳಿದಳು. ಸಾಬರು ತಮ್ಮ ಒಡಕು ದನಿಯಲ್ಲಿ ಹಿಂದೆಯೇ ಹಾಡಿದರು. ಅವಳು ಕೈ ಅಡ್ಡ ಹಿಡಿದು ತಡೆದಳು.

"ಹಂಗಲ್ಲ ಸಾಬ್ರೆ. ಬಾಯಿಪಾಠ ಒಪ್ಸಿದಂಗೆ ಹಾಡಬ್ಯಾಡ್ರಿ. ತೊಡೆ ಮ್ಯಾಲೆ ಕೂಸೈತೆ ಅಂತ ತಿಳ್ಕಂಡು ಹಾಡ್ರಿ."